ತಾಳೆ ನೋಡದ ಲೆಕ್ಕ

ಅಂಗಡಿಯ ಬಾಗಿಲು ಹಾಕುವ ಮುನ್ನ ಒಂದು ಕೆಲಸವನ್ನು ಮಾಡದೆ ಯಾವ ಸಣ್ಣ ವ್ಯಾಪಾರಿಯೂ ಮನೆಗೆ ಹೋಗುವುದಿಲ್ಲ. ಗಲ್ಲಾಪೆಟ್ಟಿಗೆಯಲ್ಲಿರುವ ನಗದನ್ನು ಎಣಿಸಿ, ಮೊಬೈಲಿಗೆ ಬಂದು ಬಿದ್ದ ಹಣವನ್ನೂ ಕೂಡಿಸಿ, ದಿನದ ಕಿರ್ದಿಯೊಡನೆ ತಾಳೆ ನೋಡುತ್ತಾನೆ. ಹತ್ತು ರೂಪಾಯಿ ಹೆಚ್ಚು ಬಂದರೂ ಅವನಿಗೆ ಸಮಾಧಾನವಿಲ್ಲ. ಕಡಿಮೆ ಬಂದರಂತೂ ನಿದ್ದೆಯೇ ಇಲ್ಲ. ಎಲ್ಲಿ ತಪ್ಪಿತು ಎಂದು ಬೆಳಗಿನಿಂದ ನಡೆದ ವ್ಯವಹಾರವನ್ನೆಲ್ಲ ಮನಸ್ಸಿನಲ್ಲಿ ಹಿಂದಕ್ಕೆ ತಿರುವಿ ಹಾಕುತ್ತಾನೆ. ಗಿರಣಿಯಲ್ಲಿ ಮಗ್ಗದ ಮುಂದೆ ನಿಲ್ಲುವ ಕಾರ್ಮಿಕನೂ ಹಾಗೆಯೇ. ಮಗ್ಗವನ್ನು ಓಡಿಸುವುದಷ್ಟೇ ಅವನ ಕೆಲಸವಲ್ಲ; ಓಡುತ್ತಿರುವ ಮಗ್ಗದ ಮೇಲೆ ಕಣ್ಣಿಟ್ಟಿರುವುದೂ ಅವನ ಕೆಲಸವೇ. ಹಾಸಿನ ಒಂದು ಎಳೆ ಕಡಿದರೆ ಮಗ್ಗ ನಿಲ್ಲಬೇಕು, ಗಂಟು ಬೀಳಬೇಕು, ಆಮೇಲೆ ಮತ್ತೆ ಓಡಬೇಕು. ಎಳೆ ಕಡಿದದ್ದನ್ನು ನೋಡದೆ ಹತ್ತು ಗಜ ನೇಯ್ದವನನ್ನು ಯಾರೂ ಒಳ್ಳೆಯ ನೇಕಾರನೆನ್ನುವುದಿಲ್ಲ.

ಈ ಇಬ್ಬರ ಮಕ್ಕಳೂ ಶಾಲೆಗೆ ಹೋಗುತ್ತಾರೆ, ಗಣಿತವೆಂದರೆ ಹೆದರುತ್ತಾರೆ. ಮಗ್ಗಿ ಬಾಯಿಪಾಠ ಮಾಡಿಸುತ್ತೇವೆ, ಮನೆಪಾಠಕ್ಕೆ ದುಡ್ಡು ಸುರಿಯುತ್ತೇವೆ, ಅಂಕ ಕಡಿಮೆ ಬಂದರೆ ಬೈಯುತ್ತೇವೆ. ಆದರೆ ತಾಳೆ ನೋಡುವ, ಎಳೆ ಕಡಿದಾಗ ನಿಲ್ಲಿಸುವ ವಿದ್ಯೆಯನ್ನು ಗಣಿತದ ತರಗತಿಯಲ್ಲಿ ಯಾರಾದರೂ ಅವರಿಗೆ ಕಲಿಸುತ್ತಿದ್ದಾರೆಯೆ? ಈ ವಾರ ನಾವು ಓದುಗರ ಮುಂದೆ ಇಡಬೇಕೆಂದಿರುವ ಪ್ರಶ್ನೆ ಇದು.

ಇದು ನಮ್ಮ ಊರಿನ ಮಕ್ಕಳ ದೋಷವೆಂದು ಯಾರೂ ತಿಳಿಯಬಾರದು. 1980ರ ದಶಕದ ಮೊದಲ ವರ್ಷಗಳಲ್ಲಿ ಶ್ರೀಮಂತ ದೇಶವಾದ ಅಮೆರಿಕದಲ್ಲಿ ಹದಿಮೂರು ವರ್ಷದ ಮಕ್ಕಳಿಗೆ ಒಂದು ರಾಷ್ಟ್ರೀಯ ಪರೀಕ್ಷೆ ನಡೆಯಿತು. ಅದರಲ್ಲಿ ಕೇಳಿದ ಒಂದು ಲೆಕ್ಕ ಇಂದಿಗೂ ಗಣಿತದ ಉಪಾಧ್ಯಾಯರ ಬಾಯಲ್ಲಿದೆ. ಒಂದು ಸೈನ್ಯದ ಬಸ್ಸಿನಲ್ಲಿ 36 ಸಿಪಾಯಿಗಳು ಕೂರಬಹುದು. 1,128 ಸಿಪಾಯಿಗಳನ್ನು ಸಾಗಿಸಲು ಎಷ್ಟು ಬಸ್ಸು ಬೇಕು? ನೂರಕ್ಕೆ 70 ಮಕ್ಕಳು ಭಾಗಾಕಾರವನ್ನು ಸರಿಯಾಗಿಯೇ ಮಾಡಿದರು. ಆದರೆ 32 ಬಸ್ಸು ಬೇಕು ಎಂಬ ಸರಿಯುತ್ತರ ಕೊಟ್ಟವರು ನೂರಕ್ಕೆ 23 ಮಂದಿ ಮಾತ್ರ. ನೂರಕ್ಕೆ 29 ಮಂದಿ '31, ಶೇಷ 12' ಎಂದು ಬರೆದರು. ನೂರಕ್ಕೆ 18 ಮಂದಿ '31' ಎಂದು ಬರೆದು, ಹನ್ನೆರಡು ಸಿಪಾಯಿಗಳನ್ನು ರಸ್ತೆಯಲ್ಲೇ ಬಿಟ್ಟುಬಿಟ್ಟರು. 'ಶೇಷ ಹನ್ನೆರಡು' ಎಂಬ ಬಸ್ಸು ಯಾವ ಡಿಪೋದಲ್ಲಾದರೂ ಇದೆಯೆ? ಆ ಮಕ್ಕಳಿಗೆ ಬಸ್ಸು ಗೊತ್ತಿರಲಿಲ್ಲವೆಂದಲ್ಲ, ಭಾಗಾಕಾರ ಗೊತ್ತಿರಲಿಲ್ಲವೆಂದೂ ಅಲ್ಲ. ಉತ್ತರ ಬಂದ ಮೇಲೆ ಪ್ರಶ್ನೆಯ ಕಡೆಗೆ ತಿರುಗಿ ನೋಡಬೇಕೆಂಬುದು ಗೊತ್ತಿರಲಿಲ್ಲ.

ಅದೇ ಕಾಲದಲ್ಲಿ ಫ್ರಾನ್ಸ್ ದೇಶದ ಗ್ರೆನೋಬಲ್ ನಗರದ ಗಣಿತ ಸಂಶೋಧಕರು ಸಣ್ಣ ತರಗತಿಯ ಮಕ್ಕಳಿಗೆ ಇನ್ನೂ ವಿಚಿತ್ರವಾದ ಲೆಕ್ಕವೊಂದನ್ನು ಕೊಟ್ಟರು. ಒಂದು ಹಡಗಿನಲ್ಲಿ 26 ಕುರಿ, 10 ಮೇಕೆ ಇವೆ. ಹಡಗಿನ ಕಪ್ತಾನನ ವಯಸ್ಸೆಷ್ಟು? 97 ಮಕ್ಕಳಲ್ಲಿ 76 ಮಕ್ಕಳು ಕೊಟ್ಟ ಅಂಕಿಗಳನ್ನೇ ಹಿಡಿದು ಕಪ್ತಾನನ ವಯಸ್ಸನ್ನು ಹೇಳಿಬಿಟ್ಟರು. ಕುರಿಮೇಕೆಗಳನ್ನು ಕೂಡಿಸಿದರೆ ಮನುಷ್ಯನ ವಯಸ್ಸು ಬರುತ್ತದೆಯೆ ಎಂದು ಅವರು ತಮ್ಮನ್ನು ತಾವು ಕೇಳಿಕೊಳ್ಳಲಿಲ್ಲ. ಏಕೆಂದರೆ ಶಾಲೆಯಲ್ಲಿ ಅಂಕಿ ಕಂಡರೆ ಕೂಡಬೇಕು, ಕಳೆಯಬೇಕು, ಗುಣಿಸಬೇಕು, ಭಾಗಿಸಬೇಕು, ಕೇಳಬಾರದು. ಹೀಗೆಂದು ಯಾರೂ ಬಾಯಿಬಿಟ್ಟು ಹೇಳಿಕೊಟ್ಟಿರಲಾರರು. ಆದರೂ ಮಕ್ಕಳು ಕಲಿತಿದ್ದು ಅದನ್ನೇ.

ಮಗುವಿನ ತಲೆಯಲ್ಲಿ ಎರಡು ಕೆಲಸಗಳು ಒಟ್ಟಿಗೆ ನಡೆಯಬೇಕು. ಒಂದು, ಲೆಕ್ಕ ಮಾಡುವುದು. ಇನ್ನೊಂದು, ತಾನು ಮಾಡುತ್ತಿರುವುದನ್ನು ತಾನೇ ನೋಡುತ್ತಿರುವುದು. ಈ ಎರಡನೆಯ ಕೆಲಸಕ್ಕೆ ಅಮೆರಿಕದ ಮನಶ್ಶಾಸ್ತ್ರಜ್ಞ ಜಾನ್ ಫ್ಲಾವೆಲ್ 1970ರ ದಶಕದಲ್ಲಿ ಮೆಟಾಕಾಗ್ನಿಷನ್ ಎಂಬ ಹೆಸರಿಟ್ಟರು. ಅರಿವಿನ ಮೇಲಿನ ಅರಿವು ಎಂದು ಕನ್ನಡದಲ್ಲಿ ಹೇಳಬಹುದು. ತಾಳೆ ಎಂದರೆ ಅಂಗಡಿಯವನಿಗೂ ತಿಳಿಯುತ್ತದೆ. ಫ್ಲಾವೆಲ್ ಮತ್ತು ಅವರ ಸಂಗಡಿಗರು ಚಿಕ್ಕ ಮಕ್ಕಳಿಗೂ ದೊಡ್ಡ ಮಕ್ಕಳಿಗೂ ಕೆಲವು ವಸ್ತುಗಳ ಹೆಸರನ್ನು ಕೊಟ್ಟು, ಪೂರ್ತಿ ನೆನಪಿನಲ್ಲಿ ಉಳಿಯಿತೆಂದು ಖಚಿತವಾದಾಗ ಹೇಳಿ ಎಂದರು. ದೊಡ್ಡ ಮಕ್ಕಳು ಆಯಿತೆಂದಾಗ ಸಾಮಾನ್ಯವಾಗಿ ನಿಜಕ್ಕೂ ಆಗಿತ್ತು. ಚಿಕ್ಕವರು ಆಯಿತೆನ್ನುತ್ತಿದ್ದರು, ಕೇಳಿದರೆ ಬರುತ್ತಿರಲಿಲ್ಲ. ತನಗೆ ಬರುತ್ತದೆಯೋ ಇಲ್ಲವೋ ಎಂಬುದನ್ನು ತಿಳಿಯುವುದೂ ಒಂದು ವಿದ್ಯೆ, ಅದು ಬೆಳೆಯುತ್ತದೆ ಎಂಬುದು ಇದರಿಂದ ಗೊತ್ತಾಯಿತು. ಬೆಳೆಯುವಂಥದಾದರೆ ಬೆಳೆಸಲೂ ಬರುತ್ತದೆಯಲ್ಲವೆ?

ಬೆಳೆಸಬಹುದೆಂದು ಹೇಳಿದವರಲ್ಲಿ ಹಂಗೆರಿಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಗಣಿತಜ್ಞ ಜಾರ್ಜ್ ಪೋಲ್ಯ ಮುಖ್ಯರು. ಫ್ಲಾವೆಲ್ ಹೆಸರಿಡುವುದಕ್ಕೆ ಎಷ್ಟೋ ಮೊದಲೇ, 1945ರಲ್ಲಿ, ಪೋಲ್ಯ ಅವರು ಲೆಕ್ಕ ಬಿಡಿಸುವ ಬಗೆಯ ಮೇಲೆ ಒಂದು ಸಣ್ಣ ಪುಸ್ತಕ ಬರೆದು ನಾಲ್ಕು ಹೆಜ್ಜೆಗಳನ್ನು ಹೇಳಿದರು. ಮೊದಲು ಪ್ರಶ್ನೆಯನ್ನು ಅರ್ಥಮಾಡಿಕೊ. ಎರಡನೆಯದಾಗಿ ದಾರಿಯನ್ನು ಯೋಚಿಸು. ಮೂರನೆಯದಾಗಿ ಆ ದಾರಿಯಲ್ಲಿ ನಡೆ. ನಾಲ್ಕನೆಯದಾಗಿ ಹಿಂತಿರುಗಿ ನೋಡು. ನಮ್ಮ ಶಾಲೆಗಳಲ್ಲಿ ಬಹುಪಾಲು ಕಾಲವೆಲ್ಲ ಮೂರನೆಯ ಹೆಜ್ಜೆಗೇ ಹೋಗುತ್ತದೆ. ಮೊದಲನೆಯದಕ್ಕೆ ಸಮಯವಿಲ್ಲ, ಎರಡನೆಯದನ್ನು ಗೈಡು ಪುಸ್ತಕ ಮಾಡಿಕೊಡುತ್ತದೆ, ನಾಲ್ಕನೆಯದಕ್ಕೆ ಅಂಕವಿಲ್ಲ.

ಪೋಲ್ಯ ತೋರಿಸಿದ ದಾರಿಯನ್ನು ತರಗತಿಯಲ್ಲಿ ಪರೀಕ್ಷಿಸಿ ನೋಡಿದವರು ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾನಿಲಯದ ಆಲನ್ ಶೋನ್‌ಫೆಲ್ಡ್. ಹೊಸ ಲೆಕ್ಕದ ಮುಂದೆ ಕುಳಿತ ಕಾಲೇಜು ಮತ್ತು ಹೈಸ್ಕೂಲು ವಿದ್ಯಾರ್ಥಿಗಳು ಏನು ಮಾಡುತ್ತಾರೆಂಬುದನ್ನು ಅವರು ನೂರಕ್ಕೂ ಹೆಚ್ಚು ಸಲ ಚಿತ್ರೀಕರಿಸಿದರು. ಸುಮಾರು ನೂರಕ್ಕೆ 60 ಸಲ ನಡೆದದ್ದು ಒಂದೇ ಕಥೆ. ಲೆಕ್ಕ ಓದುವುದು, ತಟಕ್ಕನೆ ಒಂದು ದಾರಿ ಹಿಡಿಯುವುದು, ದಾರಿ ತಪ್ಪೆಂದು ಕಂಡರೂ ಬಿಡದೆ ಕೊನೆಯವರೆಗೂ ಅದನ್ನೇ ಹಿಡಿದು ಹೋಗುವುದು. ನುರಿತ ಗಣಿತಜ್ಞನು ಹೊಸ ಲೆಕ್ಕದ ಮುಂದೆ ಕುಳಿತಾಗ ಹಾಗೆ ಮಾಡಲಿಲ್ಲ. ಹೆಚ್ಚು ಹೊತ್ತು ಯೋಚಿಸಿದ, ದಾರಿ ಹಿಡಿದ ಮೇಲೂ ನಡುನಡುವೆ ನಿಂತು ನೋಡಿದ, ತಪ್ಪೆಂದು ಕಂಡದ್ದನ್ನು ಕೈಬಿಟ್ಟ. ಆಗ ಶೋನ್‌ಫೆಲ್ಡ್ ತಮ್ಮ ತರಗತಿಯಲ್ಲಿ ಒಂದು ನಿಯಮ ಮಾಡಿದರು. ಲೆಕ್ಕ ಮಾಡುತ್ತಿರುವ ವಿದ್ಯಾರ್ಥಿಯ ಬಳಿ ಯಾವ ಹೊತ್ತಿನಲ್ಲಾದರೂ ಬಂದು ಮೂರು ಪ್ರಶ್ನೆ ಕೇಳುವುದು: ಈಗ ಏನು ಮಾಡುತ್ತಿದ್ದೀಯೆ? ಏಕೆ ಮಾಡುತ್ತಿದ್ದೀಯೆ? ಅದರಿಂದ ನಿನಗೇನು ಸಹಾಯ? ಮೊದಮೊದಲು ವಿದ್ಯಾರ್ಥಿಗಳು ತಬ್ಬಿಬ್ಬಾದರು. ದಿನ ಕಳೆದಂತೆ ಗುರು ಕೇಳುವ ಮೊದಲೇ ತಾವೇ ಕೇಳಿಕೊಳ್ಳತೊಡಗಿದರು. ಪಾಠ ಮುಗಿಯುವ ಹೊತ್ತಿಗೆ, ಕುರುಡಾಗಿ ಒಂದೇ ದಾರಿ ಹಿಡಿದು ಹೋಗುವ ಪ್ರಯತ್ನಗಳು ನೂರಕ್ಕೆ 20ಕ್ಕಿಂತ ಕೆಳಗಿಳಿದಿದ್ದವು.

ಇದಕ್ಕೆ ಯಂತ್ರ ಬೇಕಾಗಲಿಲ್ಲ, ಕಟ್ಟಡ ಬೇಕಾಗಲಿಲ್ಲ, ವಿದೇಶಿ ವಿನಿಮಯ ಬೇಕಾಗಲಿಲ್ಲ. ಮೂರು ಪ್ರಶ್ನೆ ಮತ್ತು ಅವನ್ನು ತಾಳ್ಮೆಯಿಂದ ಕೇಳುವ ಗುರು ಬೇಕಾಯಿತು. ಇಂಗ್ಲೆಂಡಿನ ಎಜುಕೇಷನ್ ಎಂಡೋಮೆಂಟ್ ಫೌಂಡೇಷನ್ ಎಂಬ ಸಂಸ್ಥೆ ನಾನಾ ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಹೊರತಂದ ಮಾರ್ಗದರ್ಶಿಯಲ್ಲಿ, ಈ ಬಗೆಯ ಬೋಧನೆಯಿಂದ ಮಕ್ಕಳು ಸರಾಸರಿ ಏಳು ತಿಂಗಳಷ್ಟು ಹೆಚ್ಚಿನ ಪ್ರಗತಿ ಸಾಧಿಸಬಲ್ಲರೆಂದೂ ಖರ್ಚು ಅತ್ಯಲ್ಪವೆಂದೂ ಹೇಳಿತು. ಇದನ್ನು ಬೇರೊಂದು ವಿಷಯವಾಗಿ ಕಲಿಸದೆ ಆಯಾ ಪಾಠದ ಒಳಗೇ ಕಲಿಸಬೇಕೆಂದೂ ಅದು ಎಚ್ಚರಿಸಿತು. ಈ ಎಚ್ಚರಿಕೆ ನಮಗೆ ಬಹಳ ಮುಖ್ಯ. ಏಕೆಂದರೆ ನಮ್ಮಲ್ಲಿ ಯಾವ ಒಳ್ಳೆಯ ವಿಚಾರ ಬಂದರೂ ಅದಕ್ಕೊಂದು ಹೊಸ ಪುಸ್ತಕ, ಒಂದು ನಮೂನೆ, ಒಂದು ವರದಿ ಸೇರಿಸಿ ಉಪಾಧ್ಯಾಯರ ತಲೆಯ ಮೇಲೆ ಹೊರಿಸುವ ಚಾಳಿ ಬೆಳೆದಿದೆ.

ತರಗತಿಯಲ್ಲಿ ಇದು ಹೇಗಿರುತ್ತದೆ? ಒಂದು ಉದಾಹರಣೆ ನೋಡೋಣ. ಒಂದು ಸೀರೆಗೆ ಐದೂವರೆ ಮೀಟರ್ ಬಟ್ಟೆ ಬೇಕು. 100 ಮೀಟರ್ ಥಾನಿನಲ್ಲಿ ಎಷ್ಟು ಸೀರೆ ಆಗುತ್ತವೆ? ಉಪಾಧ್ಯಾಯರು ಹಲಗೆಯ ಮೇಲೆ ತಪ್ಪಿಲ್ಲದೆ ಭಾಗಾಕಾರ ಮಾಡಿ ತೋರಿಸಿದರೆ ಮಕ್ಕಳು ಉತ್ತರವನ್ನು ನೋಡುತ್ತಾರೆ, ಯೋಚನೆಯನ್ನು ನೋಡುವುದಿಲ್ಲ. ಅದರ ಬದಲು ಅವರು ಗಟ್ಟಿಯಾಗಿ ಯೋಚಿಸಲಿ: "ಏನು ಕೇಳಿದ್ದಾರೆ? ಸೀರೆಯ ಸಂಖ್ಯೆ. ಐದು ಮೀಟರಿನದಾದರೆ ಇಪ್ಪತ್ತು ಆಗುತ್ತಿತ್ತು. ಐದೂವರೆಯಾದ್ದರಿಂದ ಇಪ್ಪತ್ತಕ್ಕಿಂತ ಕಡಿಮೆ ಬರಬೇಕು. ಭಾಗಿಸಿದರೆ ಹದಿನೆಂಟು ಚಿಲ್ಲರೆ ಬಂತು. ಚಿಲ್ಲರೆ ಸೀರೆಯನ್ನು ಯಾರು ಉಡುತ್ತಾರೆ? ಹದಿನೆಂಟು ಸೀರೆಗೆ 99 ಮೀಟರ್. ಒಂದು ಮೀಟರ್ ತುಂಡು ಉಳಿಯಿತು. ಸರಿ." ಬಸ್ಸಿನ ಲೆಕ್ಕದಲ್ಲಿ ಶೇಷಕ್ಕಾಗಿ ಒಂದು ಬಸ್ಸು ಹೆಚ್ಚು ಬೇಕಾಯಿತು, ಸೀರೆಯ ಲೆಕ್ಕದಲ್ಲಿ ಶೇಷವನ್ನು ಬಿಡಬೇಕಾಯಿತು. ಭಾಗಾಕಾರ ಒಂದೇ, ತೀರ್ಮಾನ ಬೇರೆ. ಯಾವ ಸೂತ್ರವನ್ನು ಉರುಹೊಡೆದರೂ ಈ ವ್ಯತ್ಯಾಸ ಸಿಗುವುದಿಲ್ಲ. ಪ್ರಶ್ನೆಯ ಕಡೆ ತಿರುಗಿ ನೋಡಿದವನಿಗೆ ಮಾತ್ರ ಸಿಗುತ್ತದೆ.

ಇನ್ನೊಂದು. ಅರ್ಧಕ್ಕೆ ಮೂರನೆಯ ಒಂದು ಭಾಗವನ್ನು ಕೂಡಿಸು ಎಂದರೆ ಎಷ್ಟೋ ಮಕ್ಕಳು ಮೇಲಿನ ಅಂಕಿಗೆ ಮೇಲಿನದನ್ನು, ಕೆಳಗಿನದಕ್ಕೆ ಕೆಳಗಿನದನ್ನು ಸೇರಿಸಿ ಐದನೆಯ ಎರಡು ಭಾಗ ಎನ್ನುತ್ತಾರೆ. ಉಪಾಧ್ಯಾಯರು ಕೆಂಪು ಮಸಿಯಲ್ಲಿ ಗೀಟು ಹಾಕುತ್ತಾರೆ. ಮಗು ತಲೆ ತಗ್ಗಿಸುತ್ತದೆ. ನಾಳೆ ಅದೇ ತಪ್ಪು. ಗೀಟು ಹಾಕುವ ಮೊದಲು ಕೇಳಿ ನೋಡಲಿ: "ಅರ್ಧ ಕಿಲೋ ಬೇಳೆಗೆ ಇನ್ನಷ್ಟು ಬೇಳೆ ಹಾಕಿದರೆ ಅರ್ಧ ಕಿಲೋಗಿಂತ ಕಡಿಮೆಯಾಗುತ್ತದೆಯೆ? ಐದನೆಯ ಎರಡು ಭಾಗ ಅರ್ಧಕ್ಕಿಂತ ಹೆಚ್ಚೋ ಕಡಿಮೆಯೋ?" ಮಗು ತಾನೇ ನಕ್ಕು ತಾನೇ ತಿದ್ದಿಕೊಳ್ಳುತ್ತದೆ. ಸರಿಯುತ್ತರ ಆರನೆಯ ಐದು ಭಾಗ ಎಂಬಲ್ಲಿಗೆ ಅದು ಬರುವುದು ಹೆದರಿಕೆಯಿಂದಲ್ಲ, ಒಪ್ಪಿಗೆಯಿಂದ. ತಪ್ಪುಗಳನ್ನು ಬರೆದಿಡುವ ಒಂದು ಪುಸ್ತಕವೂ ಇರಲಿ. ಪ್ರಶ್ನೆ ಅರ್ಥವಾಗದೆ ತಪ್ಪಿತೋ, ದಾರಿ ತಪ್ಪಿತೋ, ಕೂಡುವಾಗ ಕೈ ತಪ್ಪಿತೋ ಎಂದು ಮಗು ತಾನೇ ಅದರಲ್ಲಿ ಬರೆದುಕೊಳ್ಳಲಿ. ಒಂದು ತಿಂಗಳು ಕಳೆದರೆ ಯಾವ ಕಡೆ ಎಳೆ ಕಡಿಯುತ್ತಿದೆ ಎಂಬುದು ಅದಕ್ಕೇ ತಿಳಿದುಹೋಗುತ್ತದೆ.

ನಮ್ಮ ವರ್ಗದ ಮಕ್ಕಳಿಗೆ ಇಷ್ಟು ಬುದ್ಧಿ ಎಲ್ಲಿಂದ ಬರಬೇಕೆಂದು ನಿರಾಶೆಯಿಂದ ಕೇಳುವ ತಂದೆತಾಯಿಗಳಿಗೆ ಎರಡು ಸಂಗತಿಗಳನ್ನು ಹೇಳಬೇಕು. ಬ್ರೆಜಿಲ್ ದೇಶದ ರೆಸಿಫೆ ನಗರದ ಬೀದಿಗಳಲ್ಲಿ ವ್ಯಾಪಾರ ಮಾಡುವ ಐದು ಮಕ್ಕಳ ಲೆಕ್ಕವನ್ನು ಮೂವರು ಸಂಶೋಧಕರು ಪರೀಕ್ಷಿಸಿ 1985ರಲ್ಲಿ ಪ್ರಕಟಿಸಿದರು. ಒಂದು ಎಳನೀರಿಗೆ 35ರಂತೆ ಹತ್ತಕ್ಕೆ ಎಷ್ಟು ಎಂದು ಗಿರಾಕಿಯಂತೆ ಕೇಳಿದಾಗ ಹನ್ನೆರಡು ವರ್ಷದ ಹುಡುಗನು ಮೂರಕ್ಕೆ 105, ಇನ್ನೂ ಮೂರು ಸೇರಿದರೆ 210, ಇನ್ನು ನಾಲ್ಕು ಬೇಕು ಎಂದು ಎಣಿಸುತ್ತ ಹೋಗಿ 350ಕ್ಕೆ ಬಂದು ಮುಟ್ಟಿದ. ಎಷ್ಟು ಆಯಿತು, ಎಷ್ಟು ಉಳಿಯಿತು ಎಂದು ತನ್ನ ದಾರಿಯನ್ನು ತಾನೇ ಕಾಯುತ್ತ ನಡೆದ. ಬೀದಿಯಲ್ಲಿ ಆ ಮಕ್ಕಳ ಉತ್ತರ ನೂರಕ್ಕೆ 98 ಪಾಲು ಸರಿಯಾಗಿತ್ತು. ಅದೇ ಲೆಕ್ಕಗಳನ್ನು ಬರಿಯ ಅಂಕಿಗಳಾಗಿ ಶಾಲೆಯ ರೀತಿಯಲ್ಲಿ ಕೊಟ್ಟಾಗ ಸರಿಯಾದದ್ದು ನೂರಕ್ಕೆ 37.

ಎರಡನೆಯದು ನಮ್ಮ ದೇಶದ್ದೇ. ನೊಬೆಲ್ ಪಾರಿತೋಷಕ ಪಡೆದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೋ ಮತ್ತು ಸಂಗಡಿಗರು ಕೋಲ್ಕತ್ತ, ದಿಲ್ಲಿ ಮಾರುಕಟ್ಟೆಗಳಲ್ಲಿ ದುಡಿಯುವ 1,436 ಮಕ್ಕಳನ್ನು ಪರೀಕ್ಷಿಸಿ 2025ರಲ್ಲಿ ವರದಿ ಮಾಡಿದರು. ಕಿಲೋಗೆ 20 ರೂಪಾಯಿಯ ಆಲೂಗೆಡ್ಡೆ 800 ಗ್ರಾಂ, 15 ರೂಪಾಯಿಯ ಈರುಳ್ಳಿ ಒಂದು ಕಿಲೋ 400 ಗ್ರಾಂ ಎಂಬಂಥ ವ್ಯಾಪಾರ ಮಾಡಿ 200ರ ನೋಟು ಕೊಟ್ಟರೆ 37 ಹಿಡಿದು 163 ವಾಪಸು ಕೊಡುವುದು ಆ ಮಕ್ಕಳಿಗೆ ನೀರು ಕುಡಿದಷ್ಟು ಸುಲಭ. ಆದರೆ ಪುಸ್ತಕದ ಸರಳ ಲೆಕ್ಕ ಕೊಟ್ಟರೆ ಬಹಳ ಮಂದಿ ಸೋತರು. ಅಲ್ಲಿನ ಶಾಲಾಮಕ್ಕಳದು ತಿರುಗುಮುರುಗು: ಪುಸ್ತಕದ ಲೆಕ್ಕ ಬಂತು, ಮಾರುಕಟ್ಟೆಯ ಲೆಕ್ಕದಲ್ಲಿ ತಡವರಿಸಿದರು. ಮಕ್ಕಳು ಮಾರುಕಟ್ಟೆಯಲ್ಲಿ ದುಡಿಯಬೇಕಾಗಿ ಬಂದಿರುವುದು ನಮ್ಮ ನಾಚಿಕೆ. ಅದನ್ನು ನಾವು ಹೊಗಳುವುದಿಲ್ಲ. ಆದರೆ ಬಡವರ ಮಕ್ಕಳಿಗೆ ತಲೆಯಿಲ್ಲ ಎಂಬ ಸುಳ್ಳು ಇಲ್ಲಿಗೆ ಸತ್ತಿತು. ಶಾಲೆ ಮತ್ತು ಬದುಕಿನ ನಡುವೆ ಯಾರೋ ಗೋಡೆ ಕಟ್ಟಿದ್ದಾರೆ. ಆ ಗೋಡೆಯನ್ನು ಒಡೆಯುವ ಕೆಲಸವನ್ನು ಯಾರೂ ಮಾಡುತ್ತಿಲ್ಲ.

ಮೊದಲು ಮಗ್ಗಿ, ಭಾಗಾಕಾರ ಬರಲಿ, ಆಮೇಲೆ ಈ ಯೋಚನೆಗಳೆಲ್ಲ ಎಂದು ಹೇಳುವವರಿದ್ದಾರೆ. ಅವರ ಚಿಂತೆ ನ್ಯಾಯವಾದದ್ದೇ. ಅಸರ್ ಸಂಸ್ಥೆಯ 2024ರ ಸಮೀಕ್ಷೆಯ ಪ್ರಕಾರ ಭಾರತದ ಹಳ್ಳಿಗಳಲ್ಲಿ ಐದನೆಯ ತರಗತಿಯ ಮಕ್ಕಳಲ್ಲಿ ಭಾಗಾಕಾರ ಬಲ್ಲವರು ನೂರಕ್ಕೆ 30.7 ಮಾತ್ರ. ಮಗ್ಗಿ ಬೇಡವೆಂದು ನಾವೂ ಹೇಳುವುದಿಲ್ಲ. ನೂಲಿಲ್ಲದೆ ಮಗ್ಗದ ಮುಂದೆ ನಿಂತು ಏನು ಪ್ರಯೋಜನ? ಆದರೆ ಐದು ವರ್ಷ ಬಾಯಿಪಾಠ ಮಾಡಿಸಿದ ಮೇಲೂ ಮೂವರಲ್ಲಿ ಇಬ್ಬರಿಗೆ ಭಾಗಾಕಾರ ಬಾರದಿದ್ದರೆ, ಬಾಯಿಪಾಠವೊಂದೇ ಸಾಲದೆಂದು ಒಪ್ಪಿಕೊಳ್ಳಲು ಇನ್ನೆಷ್ಟು ವರ್ಷ ಬೇಕು? ಎರಡೂ ಒಟ್ಟಿಗೆ ಹೋಗಬೇಕು. ಏಳೆಂಟು ಐವತ್ತಾರು ಎಂದು ಕಲಿಯುವ ದಿನವೇ, ಏಳು ಹತ್ತು ಎಪ್ಪತ್ತರಿಂದ ಎರಡು ಏಳು ಕಳೆದು ಅದನ್ನು ಪರೀಕ್ಷಿಸಲೂ ಮಗು ಕಲಿಯಬಹುದು.

ಈ ಸಂಗತಿಯನ್ನು ಸಮಾಜವಾದಿ ಪತ್ರಿಕೆ ಏಕೆ ಎತ್ತಿಕೊಳ್ಳಬೇಕು? ಓದಿದ ತಂದೆತಾಯಿಗಳ ಮನೆಯಲ್ಲಿ ಊಟದ ಹೊತ್ತಿನಲ್ಲೇ ಮಗುವಿಗೆ 'ಹೇಗೆ ಗೊತ್ತು?' ಎಂಬ ಪ್ರಶ್ನೆ ಬೀಳುತ್ತದೆ. ಎರಡು ಪಾಳಿ ದುಡಿದು ಬಂದ ಕಾರ್ಮಿಕನ ಮನೆಯಲ್ಲಿ ಅಷ್ಟು ಹೊತ್ತೂ ಇಲ್ಲ, ತ್ರಾಣವೂ ಇಲ್ಲ. ಆದ್ದರಿಂದ ಆ ಮಗುವಿಗೆ ಇದು ಶಾಲೆಯಲ್ಲಿ ಸಿಗಬೇಕು. ಇಲ್ಲವಾದರೆ ಎಲ್ಲಿಯೂ ಸಿಗುವುದಿಲ್ಲ. ಸಿಗದಿದ್ದರೆ ನಷ್ಟ ಬರಿಯ ಅಂಕದ್ದಲ್ಲ. ಸಾಲ ಕೊಡುವ ಏಜೆಂಟನೊಬ್ಬನು ಬಾಗಿಲಿಗೆ ಬಂದು, 12,000 ರೂಪಾಯಿಗೆ ವರ್ಷಕ್ಕೆ ನೂರಕ್ಕೆ 12ರ ಬಡ್ಡಿ, ಹನ್ನೆರಡು ಕಂತು, ತಿಂಗಳಿಗೆ 1,120 ಎನ್ನುತ್ತಾನೆ. ಗುಣಿಸಿ ನೋಡಿದರೆ ಬಡ್ಡಿ 1,440. ಲೆಕ್ಕ ಸರಿಯಾಗಿಯೇ ಇದೆ. ಆದರೆ ಹಿಂತಿರುಗಿ ನೋಡಿ. 12,000 ನಿಮ್ಮ ಕೈಯಲ್ಲಿದ್ದದ್ದು ಮೊದಲ ತಿಂಗಳು ಮಾತ್ರ. ತಿಂಗಳಿಗೆ 1,000ದಂತೆ ಅಸಲು ಹಿಂದಕ್ಕೆ ಹೋಗಿ ಕೊನೆಯ ತಿಂಗಳು ಉಳಿದದ್ದು 1,000. ವರ್ಷದುದ್ದಕ್ಕೂ ಸರಾಸರಿ ನಿಮ್ಮ ಬಳಿ ಇದ್ದದ್ದು 6,500. ಅದಕ್ಕೆ 1,440 ಬಡ್ಡಿ ಎಂದರೆ ನೂರಕ್ಕೆ 22ಕ್ಕೂ ಮೇಲಾಯಿತು! ಸಾಲಗಾರರ ಮೇಲಿನ ದಬ್ಬಾಳಿಕೆ ತಡೆಯಲು ಕರ್ನಾಟಕ ಸರ್ಕಾರ 2025ರ ಫೆಬ್ರವರಿಯಲ್ಲಿ ಕಿರುಸಾಲಗಳ ಬಗ್ಗೆ ಸುಗ್ರೀವಾಜ್ಞೆ ಹೊರಡಿಸಬೇಕಾಯಿತು. ಕಾನೂನು ಬೇಕು, ಸಂದೇಹವಿಲ್ಲ. ಆದರೆ ಕಾಗದಕ್ಕೆ ಹೆಬ್ಬೆಟ್ಟು ಒತ್ತುವ ಮೊದಲು ತಾಳೆ ನೋಡುವ ಮನಸ್ಸು ಆ ಕಾನೂನಿಗಿಂತ ಒಂದು ಹೆಜ್ಜೆ ಮುಂದೆ ನಿಂತು ಕಾಯುತ್ತದೆ. ಪಗಾರದ ಚೀಟಿಯಲ್ಲಿ ಭವಿಷ್ಯನಿಧಿಗೆಂದು ಮುರಿದುಕೊಂಡದ್ದು ಸರಿಯೆ ಎಂದು ಕೇಳುವ ಕಾರ್ಮಿಕನೂ, 'ಹೇಗೆ ಗೊತ್ತು?' ಎಂದು ಶಾಲೆಯಲ್ಲಿ ಕೇಳಲು ಕಲಿತ ಹುಡುಗನೂ ಒಬ್ಬನೇ. ಪ್ರಶ್ನಿಸಿಕೊಳ್ಳದ ಮಕ್ಕಳನ್ನು ಬೆಳೆಸಿದರೆ ಪ್ರಶ್ನಿಸದ ಪ್ರಜೆಗಳು ಸಿಗುತ್ತಾರೆ. ಅಂಥವರಿಂದ ಲಾಭ ಯಾರಿಗೆಂಬುದನ್ನು ನಾವು ಬಿಡಿಸಿ ಹೇಳಬೇಕಾಗಿಲ್ಲ.

ಇದರಲ್ಲಿ ಭಾಷೆಯ ಮಾತೂ ಇದೆ. ಮನುಷ್ಯ ತನ್ನನ್ನು ತಾನು ಪ್ರಶ್ನಿಸಿಕೊಳ್ಳುವುದು ತಾನು ಕನಸು ಕಾಣುವ ಭಾಷೆಯಲ್ಲಿ. ಅರೆಬರೆ ತಿಳಿದ ಇಂಗ್ಲಿಷಿನಲ್ಲಿ ಉತ್ತರವನ್ನು ನಕಲು ಮಾಡಬಹುದು, ತನ್ನ ಯೋಚನೆಯ ತಾಳೆ ನೋಡಲಾಗದು. ಡಾ. ಲೋಹಿಯಾ ಅವರು ಇಂಗ್ಲಿಷಿನ ಯಜಮಾನಿಕೆಯನ್ನು ವಿರೋಧಿಸಿದ್ದರ ಅರ್ಥ ಗಣಿತದ ತರಗತಿಯಲ್ಲಿ ಇನ್ನೂ ಚೆನ್ನಾಗಿ ತಿಳಿಯುತ್ತದೆ. ಹನ್ನೆರಡನೆಯ ಶತಮಾನದಲ್ಲೇ ರಾಜಾದಿತ್ಯನು ಕನ್ನಡದಲ್ಲಿ 'ವ್ಯವಹಾರಗಣಿತ'ವನ್ನು ಬರೆದ. ಎಂಟು ಶತಮಾನಗಳ ಹಿಂದೆ ಗಣಿತವನ್ನು ಹೊರಬಲ್ಲ ಭಾಷೆ ಇಂದು ಹೊರಲಾರದೆ?

ಆದ್ದರಿಂದ ನಾವು ಒತ್ತಾಯಪಡಿಸುವುದು ಇಷ್ಟು. ಖಾಲಿ ಬಿದ್ದಿರುವ ಉಪಾಧ್ಯಾಯರ ಹುದ್ದೆಗಳನ್ನು ತುಂಬಬೇಕು. ಒಬ್ಬೊಬ್ಬ ಮಗುವಿನ ಬಳಿ ನಿಂತು ಮೂರು ಪ್ರಶ್ನೆ ಕೇಳಲು ಒಬ್ಬ ಗುರುವಿಗೆ ಅರವತ್ತು ಮಕ್ಕಳಿದ್ದರೆ ಆಗುವುದಿಲ್ಲ. ಗಣತಿ, ಚುನಾವಣೆ, ವರದಿಗಳ ಹೊರೆಯಿಂದ ಅವರನ್ನು ಬಿಡಿಸಬೇಕು. ಪರೀಕ್ಷೆಯಲ್ಲಿ ಉತ್ತರಕ್ಕಲ್ಲದೆ ದಾರಿಗೂ ತಾಳೆಗೂ ಅಂಕವಿರಬೇಕು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾದ ನಲಿ-ಕಲಿಯಲ್ಲಿ ಮಗು ತಾನು ಯಾವ ಮೆಟ್ಟಿಲಲ್ಲಿದ್ದೇನೆಂದು ಕಲಿಕೆಯ ಏಣಿಯಲ್ಲಿ ತಾನೇ ನೋಡಿಕೊಳ್ಳುವ ಏರ್ಪಾಟಿತ್ತು. ಆ ಬೀಜ ಮೂರನೆಯ ತರಗತಿಗೆ ಬಾಡಿಹೋಗದಂತೆ ಮೇಲಿನ ತರಗತಿಗಳಿಗೂ ಒಯ್ಯಬೇಕು.

ಸರ್ಕಾರ ಏಳುವವರೆಗೆ ನಾವು ಕೈಕಟ್ಟಿ ಕೂರಬೇಕಾಗಿಲ್ಲ. ಓದು ಬಾರದ ತಂದೆತಾಯಿಯೂ ಇಂದು ರಾತ್ರಿ ಮಗುವಿನ ಪಕ್ಕದಲ್ಲಿ ಕುಳಿತು ಕೇಳಬಹುದು: ಏನು ಕೇಳಿದ್ದಾರಪ್ಪ? ನೀನು ಹೀಗೇಕೆ ಮಾಡಿದೆ? ಬಂದ ಉತ್ತರ ನಂಬುವ ಹಾಗಿದೆಯೆ? ಉತ್ತರ ನಮಗೆ ಗೊತ್ತಿರಬೇಕಾಗಿಲ್ಲ. ಕೇಳುವವರು ಒಬ್ಬರಿದ್ದಾರೆಂದು ಮಗುವಿಗೆ ಗೊತ್ತಾದರೆ ಸಾಕು. ಕ್ರಮೇಣ ಅದು ತನ್ನನ್ನು ತಾನೇ ಕೇಳಿಕೊಳ್ಳುತ್ತದೆ. ಗಲ್ಲಾಪೆಟ್ಟಿಗೆಯ ಹತ್ತು ರೂಪಾಯಿಗೆ ನಿದ್ದೆಗೆಡುವ ನಾವು, ಮಗುವಿನ ತಲೆಯಲ್ಲಿ ತಾಳೆಯಾಗದೆ ಉಳಿದ ಲೆಕ್ಕಕ್ಕಾಗಿ ಒಂದು ಗಳಿಗೆ ಎಚ್ಚರವಾಗಿದ್ದರೆ ನಷ್ಟವೇನೂ ಇಲ್ಲ.